ಕುಬಿಹಾಳದ ಕೈ

ಕೂರಿಗಿಗೆ ಕಾಳು ಬಿಡೂದು ಅಂದ್ರ ಏನಂತ ತಿಳದೀರಿ? ಒಂದು ಮುಷ್ಟಿ ಜ್ವಾಳ ತಗೊಂಡು ಬಟ್ಟಲಕ್ಕ ಸುರುವೂದು ಅಂತ ತಿಳದಿದ್ರ ಮೊದಲ ನಿಮ್ಮ ಮ್ಯಾಲ ನನಗ ಸಿಟ್ಟು ಬರತೈತಿ, ಆಮ್ಯಾಲ ಮುಂದಿನ ಮಾತು. ಎತ್ತು ನಡದಂಗ ನಡೀಬೇಕು. ಉಡ್ಯಾಗಿನ ಕಾಳು ಮುಷ್ಟಿಗೆ ಬರಬೇಕು, ಹೆಬ್ಬೆರಳು ಸಡಲಿಸಿದಂಗ ಮುಷ್ಟಿಯಿಂದ ಬಟ್ಟಲಕ್ಕ ಬೀಳಬೇಕು, ಬಟ್ಟಲದ ಮೂರೂ ತೂತಿಗೆ ಸಮಾ ಹೋಗಬೇಕು. ಆ ತೂತಿನಿಂದ ಮೂರು ಬಿದರಿನ ಕೊಳವಿ, ಕೊಳವಿ ಇಳಿಯೂದು ಮೂರು ಕಟಗಿ ತಾಳಿಗೆ, ತಾಳಿನ ತುದಿಗೆ ಕಬ್ಬಣದ ಕುಡ. ಕುಡ ನೆಲಾ ಸೀಳತೈತಿ, ಕಾಳು ಅದರ ಹಿಂದ ಹಸಿ ಮಣ್ಣಿಗೆ ಬೀಳತೈತಿ. ಒಂದು ತೂತಿಗೆ ಹೆಚ್ಚು ಬಿದ್ರ ಆ ಸಾಲು ದಟ್ಟ, ಕಡಿಮಿ ಬಿದ್ರ ಆ ಸಾಲು ಹಲ್ಲು ಬಿದ್ದ ಬಾಯಿ. ಇದೇನು ಅಡಗಿ ಅಲ್ಲ, ಉಪ್ಪು ಹೆಚ್ಚಾತಂತ ನೀರು ಹಾಕಿ ಸರಿ ಮಾಡಾಕ. ತಪ್ಪಿದ್ದು ತಪ್ಪಿದಂಗ ಹುಟ್ಟಿ, ಸುಗ್ಗಿತನಕ ಎಲ್ಲಾರ ಕಣ್ಣಮುಂದ ನಿಂತಿರತೈತಿ.

ಆ ಕೈ ನಂದು ಛಲೋ ಇತ್ತು. ಜಂಬ ಅನ್ರಿ, ಏನರ ಅನ್ರಿ, ಇದ್ದದ್ದು ಇತ್ತು. ನನ್ನ ತವರು ಕುಬಿಹಾಳ. ನಮ್ಮವ್ವ ಅಲ್ಲಿ ಹೆಸರಾದ ಬಿತ್ತೂ ಕೈ. ನನಗ ಹತ್ತು ತುಂಬೂದರಾಗ ಆಕಿ ನನ್ನ ಹಿತ್ತಲಕ್ಕ ಕರಕೊಂಡು ಹೋಗಿ, ಹಳೇ ಕೂರಿಗಿ ಬಟ್ಟಲ ಎರಡು ಕಲ್ಲಿನ ಮ್ಯಾಲ ಇಟ್ಟು, ಅದರ ತೂತಿನ ಕೆಳಗ ಮೂರು ಮಣ್ಣಿನ ಚಟಗಿ ಇಟ್ಟು, ಒಂದು ಸೇರು ಜ್ವಾಳ ನನ್ನ ಉಡ್ಯಾಗ ಹಾಕತಿದ್ಲು. ಬಿಟ್ಟು ಮುಗಿಸಿದ ಮ್ಯಾಲ ಮೂರೂ ಚಟಗಿ ಒಂದೊಂದಾಗಿ ಕೈಯಾಗ ಎತ್ತಿ ನೋಡತಿದ್ಲು. ಒಂದು ಹಗುರ ಅನಿಸ್ತಂದ್ರ ತಲಿಗೆ ಮೊಟಕಿ, ಮತ್ತ ಮೊದಲಿಂದ. ಅಳಕೋತ ಬಿಟ್ಟೀನಿ, ಸಿಟ್ಟಿಲೆ ಬಿಟ್ಟೀನಿ, ಜ್ವರಾ ಬಂದಾಗ ಬಿಟ್ಟೀನಿ. ಹದಿಮೂರಕ್ಕ ನಮ್ಮಪ್ಪ ಕಾಳು ಬಿಡಾಕ ನಮ್ಮವ್ವನ ಬದಲಿಗೆ ನನ್ನ ಹೊಲಕ್ಕ ಕರದ. ಅವತ್ತು ಅವ್ವ ಒಂದ ಮಾತು ಹೇಳಿ ಕಳಿಸಿದ್ಲು: ಕಾಳು ಬಿಡೂಮುಂದ ಬಾಯಿ ತಗೀಬ್ಯಾಡ, ಮಾತಾಡಿದ್ರ ಬೆರಳು ಮಾತು ಕೇಳಕೋತ ಕುಂದರತಾವ.

ಎಪ್ಪತ್ತರ ಆಸುಪಾಸಿನಾಗ ನನ್ನ ಯರಗುಪ್ಪಿ ಕಡೆ ಒಂದು ಸಣ್ಣ ಊರಿಗೆ ಕೊಟ್ರು. ಮನ್ಯಾಗ ಮಾವ, ಅತ್ತಿ, ನಮ್ಮನಿಯವರು, ನಾನು. ಅಷ್ಟ ಮಂದಿ. ನಮ್ಮ ಮಾವ ಕೂರಿಗಿ ಹಿಡಿಯೂದರಾಗ ಆ ಸೀಮ್ಯಾಗ ಹೆಸರು ಮಾಡಿದ್ರು. ಸುಳ್ಳು ಯಾಕ ಹೇಳ್ಲಿ, ಅವರ ಸಾಲು ನೋಡಬೇಕಿತ್ತು. ಎರಿ ಹೊಲದ ಆ ತುದಿಯ ಬನ್ನಿಗಿಡಕ್ಕ ಕಣ್ಣಿಟ್ಟು ಎತ್ತು ಹೊಡದ್ರಂದ್ರ ದಾರ ಹಿಡದು ಎಳದಂಗ ಬರತಿತ್ತು. ಪೈರು ಗೇಣುದ್ದ ಆದ ಮ್ಯಾಲ ದಾರ್‍ಯಾಗ ಹೋಗವ್ರನ್ನ ಕರದು ತೋರಸತಿದ್ರು. ಮಂದಿ ನೋಡಿ ಹೊಗಳಿ ಹೋದ ಮ್ಯಾಲ ಮೀಸಿ ಮ್ಯಾಲ ಒಮ್ಮಿ ಕೈ ಆಡಸತಿದ್ರು. ನನಗ ಅದು ತಪ್ಪು ಅಂತ ಆಗೂ ಅನಿಸಿಲ್ಲ, ಈಗೂ ಅನಿಸೂದಿಲ್ಲ. ಇದ್ದವರು ಮೆರೀತಾರ.

ಆದ್ರ ನಾನೂ ಇದ್ದಾಕೀನ ಆಗಿದ್ದೆ. ಮೂರು ವರ್ಷ ನನ್ನ ಕೈ ಬರೇ ಹಿಟ್ಟಿನಾಗ ಇತ್ತು. ಕಾಳು ಬಿಡೂದು ಅತ್ತಿ. ನಾ ರೊಟ್ಟಿ ಬುಟ್ಟಿ ಹೊತ್ತು ಹೋಗಿ ಬದುವಿನ ಮ್ಯಾಲ ಕುಂತು ನೋಡೂದು. ಅತ್ತಿ ಕೈ ಕೆಟ್ಟದ್ದಲ್ಲ, ಆದ್ರ ನನ್ನಷ್ಟಲ್ಲ. ಹೊಲದ ತಿರುವಿನಾಗ ಆಕಿ ಮುಷ್ಟಿ ಸಡಲಾಗತಿತ್ತು, ಅಲ್ಲಿ ಪೈರು ಗುಂಪು ಕಟ್ಟತಿತ್ತು. ನನಗ ಬೆರಳು ತುರಸತಿದ್ದವು. ಹೇಳೂದಾದ್ರೂ ಯಾರಿಗೆ?

ನಾಕನೇ ವರ್ಷ ಹಿಂಗಾರಿ ಹೊತ್ತಿಗೆ ಅತ್ತಿ ಬಚ್ಚಲದಾಗ ಜಾರಿ ಬಿದ್ದು ಬಲಗೈ ಮಣಿಕಟ್ಟು ಉಬ್ಬಿಸಿಕೊಂಡಳು. ಮಾವ ಅಂದ್ರು, ಬಾಜೂ ಮನಿ ಕಾಕುನ್ನ ಕರೀತೇನಿ. ಈ ಕಾಕು ಐವತ್ತು ದಾಟಿದ ಹೆಣ್ಣಮಗಳು, ಊರಾಗಿನ ನಾಕೈದು ಮನಿ ಬಿತ್ತಗಿ ಆಕಿ ಕೈಯಾಗಿನ ಕೆಲಸ. ಆಕಿ ಕೈಗುಣ ದೊಡ್ಡದು ಅಂತ ಎಲ್ಲಾರೂ ಅನ್ನಾವ್ರ. ನಮ್ಮ ಕಡೆ ಆಗ ಸೊಸಿ ಮಾವನ ಕೂಡ ನೇರ ಮಾತಾಡೂ ರೂಢಿ ಇರಲಿಲ್ಲ. ನಾ ಅತ್ತಿಗೆ ಹೇಳೂದು, ಅಲ್ಲೇ ಎರಡು ಮಾರು ದೂರ ಕುಂತು ಎಲ್ಲಾ ಕೇಳಿಸಿಕೊಂಡ ಮಾವಗ ಅತ್ತಿ ಅದನ್ನ ಮತ್ತೊಮ್ಮಿ ಹೇಳೂದು. ಹಂಗ ನಾ ಅತ್ತಿಗೆ ಅಂದೆ:

“ಅತ್ತೀ, ಮನ್ಯಾಗ ಕೈ ಇಟಗೊಂಡು ಹೊರಗಿನವರನ್ನ ಯಾಕ ಕರೀಬೇಕ್ರಿ? ನಾ ಬಿಡತೇನಿ.”

ಅತ್ತಿ ಹೇಳಿದ್ಲು. ಮಾವ ಅಡಕಿ ಕತ್ತರಿಸಿ ಬಾಯಿಗೆ ಹಾಕ್ಕೊಂಡ್ರು.

“ಆತು, ನೋಡೂಣು,” ಅಂದ್ರು. “ಕುಬಿಹಾಳದಾಕಿ ಕೈ ಹೆಂಗೈತೋ.”

ನನಗ ಅಷ್ಟ ಸಾಕಿತ್ತು. ಈ ಒಂದು ಬಿತ್ತಗಿ ನೆಟ್ಟಗಾದ್ರ ಮುಂದ ಈ ಮನ್ಯಾಗ ಕಾಳಿನ ಉಡಿ ನಂದ. ರೊಟ್ಟಿ ಬಡಿಯಾಕ ಯಾರನ್ನರ ಹಚ್ಕೋಬಹುದು, ಬಿತ್ತೂ ಕೈ ಇದ್ದ ಸೊಸಿನ್ನ ಯಾರೂ ಒಲಿ ಮುಂದ ಕುಂದರಸಂಗಿಲ್ಲ. ಅವತ್ತು ರಾತ್ರಿ ನಿದ್ದಿ ಬರಲಿಲ್ಲ ಅಂದ್ರೂ ಸುಳ್ಳಲ್ಲ.

ಇಲ್ಲೊಂದು ಮಾತು ನಡುವ ಹೇಳಬೇಕು. ಆ ವರ್ಷ ಬಿತ್ತಗಿಗಿಂತ ಮೊದಲ ಊರ ಬಡಿಗ್ಯಾ ಕಟ್ಟಿ ಮ್ಯಾಲ ನಾಕು ಮಂದಿ ಮುಂದ ನಕ್ಕೋತ ನಮ್ಮ ಮಾವಗ ಅಂದಿದ್ದನಂತ: “ಯಜಮಾನ್ರ, ಕೂರಿಗಿ ಒಮ್ಮಿ ತಂದು ಹಾಕ್ರಿ, ಕುಡ ಸವದಾವ. ಕೂರಿಗೀನೂ ಹಳೇದಾತು, ಹಿಡಿಯವರೂ ಹಳಬರಾದ್ರಿ.” ಮಂದಿ ನಕ್ಕರು. ಮಾವಗ ಅದು ಎದಿಗೆ ನಟ್ಟಿತು. ಮನಿಗೆ ಬಂದು ನಮ್ಮನಿಯವರ ಮುಂದ ಹಾರಾಡಿದ್ರು, ಆ ಬಡಿಗ್ಯಾನ ಹೊಸ್ತಿಲಕ್ಕ ನಮ್ಮ ಕೂರಿಗಿ ಹೋಗೂದಿಲ್ಲ ಅಂದ್ರು. ಹೋಗಲಿಲ್ಲ.

ಉತ್ತರಿ ಮಳಿ ಛಲೋ ಆಗಿತ್ತು. ಆಮ್ಯಾಲ ಎಂಟು ದಿನ ಕಡಕ ಬಿಸಲು. ಮ್ಯಾಲಿನ ಮಣ್ಣು ಒಣಗಿ ಪುಡಿ ಆಗಿ, ಹಸಿ ನಾಕು ಬೆರಳು ಕೆಳಗ ಸರದಿತ್ತು. ಕೂರಿಗಿಗೆ ಇಭೂತಿ ಹಚ್ಚಿ, ಕಾಯಿ ಒಡದು, ದಾರಿ ಬಾಜೂಕಿನ ದೊಡ್ಡ ಹೊಲಕ್ಕ ಇಳದ್ವಿ. ಮಾವ ಮುಂದ ಎತ್ತು ಹೊಡಕೋತ, ನಾ ಬಟ್ಟಲದ ಹಿಂದ, ನಮ್ಮ ಹಿಂದ ನಮ್ಮನಿಯವರು ಕುಂಟಿ ಹೊಡದು ಸಾಲು ಮುಚ್ಚಿಕೋತ. ನಾಕು ಹೆಜ್ಜಿ ಹೋಗೂದರಾಗ ನನ್ನ ಕೈಗೆ ತವರುಮನಿ ನೆನಪಾತು. ಮುಷ್ಟಿ ತಾನ ತುಂಬತಿತ್ತು, ತಾನ ಸಡಲತಿತ್ತು. ಅತ್ತಿ ತಪ್ಪೂ ತಿರುವಿನಾಗ ನಾ ಒಂದು ಕಾಳು ಹೆಚ್ಚು ಬಿಡಲಿಲ್ಲ. ಹಿಂಗ ಬಿತ್ತೂದರಾಗ ಎಷ್ಟು ಸುಖ ಐತಿ ಅಂತ ಬಿತ್ತಿದವರಿಗೇ ಗೊತ್ತು.

ಎರಡನೇ ಸುತ್ತಿಗೆ ನನ್ನ ಕಣ್ಣಿಗೆ ಒಂದು ಬಿತ್ತು. ಎಡಗಡೆ ಮತ್ತ ನಡುವಿನ ತಾಳು ಸೀಳಿದ ಗೆರ್‍ಯಾಗ ಕರೇ ಹಸಿ ಮಣ್ಣು ಮ್ಯಾಲ ಏಳತಿತ್ತು. ಬಲಗಡೆ ಮೂರನೇ ತಾಳು ಬರೇ ಒಣಾ ಪುಡಿ ಚೆಲ್ಲಿಕೋತ ಹೊಂಟಿತ್ತು. ಅದು ಆಳಕ್ಕ ಇಳಿಯಾಕತ್ತಿರಲಿಲ್ಲ. ಮಾತು ನಾಲಿಗಿ ತುದಿಗೆ ಬಂತು. ಕಾಳು ಬಿಡೂಮುಂದ ಬಾಯಿ ತಗೀಬಾರದು ಅಂತ ಅವ್ವ ಹೇಳಿದ್ದು ಒಂದು ಕಡೆ, ಮಾವನ ಕೂಡ ಮಾತಾಡಬಾರದು ಅನ್ನೂದು ಇನ್ನೊಂದು ಕಡೆ. ತಿರುವಿನಾಗ ಮಾವ ಕೂರಿಗಿ ಎತ್ತತಾರಲ್ಲ, ತಾವ ನೋಡತಾರ ಅಂದಕೊಂಡೆ. ಅವರಂಥವರಿಗೆ ಕಾಣದ ಇರತೈತೇನು? ಬಾಯಿ ಮುಚ್ಚಿಕೊಂಡು ಇಡೀ ಹೊಲ ಬಿಟ್ಟೆ. ಹಿಂದ ಕುಂಟಿ ಬಂದು ಎಲ್ಲಾ ಒರಸಿಕೋತ ಹೋತು. ನನ್ನ ತಪ್ಪು ಏನರ ಇದ್ರ ಅದೊಂದ. ಹುಡುಕಿ ಹುಡುಕಿ ನೋಡೀನಿ, ಇನ್ನೊಂದು ಸಿಕ್ಕಿಲ್ಲ.

ಎಂಟನೇ ದಿನಕ್ಕ ಹೊಲ ಬಾಯಿ ಬಿಡ್ತು. ನಾಕು ಸಾಲು ಹಸರು, ಎರಡು ಸಾಲು ಬೋಳು. ಮತ್ತ ನಾಕು ಹಸರು, ಎರಡು ಬೋಳು. ಹೋಗೂಮುಂದ ಬಲಕ್ಕಿದ್ದ ತಾಳು ತಿರುಗಿ ಬರೂಮುಂದ ತನ್ನ ಹಿಂದಿನ ಸಾಲಿನ ಮಗ್ಗಲಕ್ಕ ಬಂದು ನಿಂದರತೈತಿ, ಹಿಂಗಾಗಿ ಬೋಳು ಸಾಲು ಜೋಡಿ ಜೋಡಿ. ಇಡೀ ಹೊಲ ಹಂಗ. ಅದೂ ಎಂಥಾ ಹೊಲ, ಕುಂದಗೋಳ ಸಂತಿಗೆ ಹೋಗೂ ದಾರಿ ಬಾಜೂಕಿಂದು. ಸಾಲರ ಸೊಟ್ಟ ಇದ್ದಿದ್ರ ಅಷ್ಟು ಎದ್ದು ಕಾಣತಿರಲಿಲ್ಲ. ಮಾವನ ಸಾಲು ಸೀದಾ, ಹಿಂಗಾಗಿ ಬೋಳೂ ಅಗದಿ ಸೀದಾ.

ನಾ ಬುತ್ತಿ ಹೊತ್ತು ಹೊಲಕ್ಕ ಹೋದಾಗ ಮಾವ ದಾರಿ ಮ್ಯಾಲ ನಿಂತಿದ್ರು. ಸಂತಿಗೆ ಹೊಂಟ ಚಕ್ಕಡಿ ನಿಂತಿತ್ತು. ಅದರಾಗ ಕುಂತ ಒಬ್ಬ ಹಿರೇ ಮನಶಾ ಕೇಳಿದ:

“ಏನ್ರಿ ಯಜಮಾನ್ರ, ಈ ಸಲ ಹೊಲಕ್ಕ ಬೈತಲಿ ತಗದೀರಿ?”

ಚಕ್ಕಡ್ಯಾಗಿನವರೆಲ್ಲಾ ಹೋ ಅಂತ ನಕ್ಕರು. ಮಾವನ ಮಾರಿ ಕೆಂಪಾತು. ನಾ ಹಿಂದ ಬಂದು ನಿಂತದ್ದು ಅವರಿಗೆ ಕಂಡಿತ್ತು. ಕಂಡ ಮ್ಯಾಲೂ ಅಂದ್ರು:

“ನಾ ಏನ ಮಾಡ್ಲೋ ಮಾರಾಯಾ. ಎತ್ತು ಹೊಡಿಯೂದು ನನ್ನ ಕೈಯಾಗೈತಿ, ಕಾಳು ಬಿಟ್ಟಾಕಿ ಕುಬಿಹಾಳದಾಕಿ. ಒಂದು ತೂತು ಉಪಾಸ ಕೆಡವ್ಯಾಳ.”

ಮೈಯೆಲ್ಲಾ ಉರದು ಹೋತು. ತಲಿ ಮ್ಯಾಲ ಬುಟ್ಟಿ ಇರಲಿಲ್ಲಂದ್ರ ನಾ ಅವತ್ತು ಏನ ಮಾಡತಿದ್ನೋ ಗೊತ್ತಿಲ್ಲ. ಒಂದು ತೂತು ಉಪಾಸ! ನಾನು! ನನ್ನ ಬೈದಿದ್ರ ಬೈಲಿ, ನನ್ನ ತವರು ಯಾಕ ನಡುವ ತಂದ್ರಿ? ಆ ಕೈ ಕಲಿಸಿದಾಕಿ ನಮ್ಮವ್ವ. ಆಕಿನ್ನ ದಾರಿ ಮ್ಯಾಲ ನಿಂದರಿಸಿ ಸಂತಿ ಮಂದಿ ಕಡಿಂದ ನಗಿಸಿದಂಗಾತು.

ಚಕ್ಕಡಿ ಹೋತು, ಮಾವ ಹೋದ್ರು. ನಾ ಬುಟ್ಟಿ ಇಳಿಸಿ ಒಂದು ಬೋಳು ಸಾಲಿನ ಮುಂದ ಕುಂತು ಬೆರಳಿಲೆ ಕೆದರಿದೆ. ಒಂದು ಬೆರಳು ಆಳಕ್ಕ, ಒಣಾ ಪುಡಿ ಮಣ್ಣಾಗ, ನನ್ನ ಕಾಳು ಬೆಳ್ಳಗ ಬಿದ್ದಿದ್ದವು. ಬಿಟ್ಟಂಗ, ಸಮಾ ಸಮಾ. ಬಾಜೂ ಸಾಲಿನಾಗ ಎಷ್ಟು ಸಸಿ ಇದ್ದವೋ ಇಲ್ಲಿ ಅಷ್ಟ ಕಾಳು. ಹಸಿ ಮುಟ್ಟಿಲ್ಲ, ಹುಟ್ಟಿಲ್ಲ. ಇದರಾಗ ನನ್ನ ಕೈ ತಪ್ಪು ಎಲ್ಲಿ ಬಂತು?

ಮುಷ್ಟಿ ತುಂಬ ಆ ಕಾಳು ಆರಿಸಿಕೊಂಡು ಮನಿಗೆ ಹೋದೆ. ಸೀದಾ ದನದ ಕೊಟ್ಟಿಗಿಗೆ ಹೋಗಿ ಕೂರಿಗಿ ನೋಡಿದೆ. ಮೂರನೇ ತಾಳಿನ ಕುಡ ಸವದು ಬೋರಿ ಹಣ್ಣಿನಷ್ಟಾಗಿತ್ತು. ಬೆಣಿ ಸಡಲಾಗಿ ತಾಳು ಎರಡು ಬೆರಳು ಮ್ಯಾಲ ಸರದಿತ್ತು. ಕುರುಡರಿಗೂ ಕೈ ಆಡಿಸಿದ್ರ ತಿಳೀತಿತ್ತು. ಅತ್ತಿಗೆ ಕಾಳು ತೋರಿಸಿದೆ. ಆಕಿ ನೋಡಿದ್ಲು, ತನ್ನ ಉಬ್ಬಿದ ಕೈಲೆ ನನ್ನ ಮುಷ್ಟಿ ಮುಚ್ಚಿದ್ಲು.

“ಮುಚ್ಕೋ ಯವ್ವಾ. ಅವರ ಮುಂದ ತರಬ್ಯಾಡ.”

ಸಂಜಿಗೆ ನಮ್ಮನಿಯವರಿಗೆ ತೋರಿಸಿದೆ. ಕಾಳೂ ತೋರಿಸಿದೆ, ತಾಳೂ ತೋರಿಸಿದೆ. ಅವರು ಕೊಟ್ಟಿಗಿ ಬಾಗಲಾ ಮುಂದ ಮಾಡಿ ಸಣ್ಣ ದನಿಲೆ ಅಂದ್ರು:

“ನಿಂದೇನೂ ತಪ್ಪಿಲ್ಲ. ನನಗ ತಿಳೀತು. ಆತಿಲ್ಲ?”

“ನಿಮಗ ತಿಳದು ನಾ ಏನ ಮಾಡ್ಲಿರಿ? ಊರಿಗೆ ತಿಳೀಬೇಕು.”

“ಹುಚ್ಚಿ ಅದಿ ಏನ? ಅಪ್ಪನ ಹೆಸರು ಹಾಳ ಮಾಡಿ ನಿನಗೇನ ಸಿಗತೈತಿ?”

“ನನ್ನ ಹೆಸರು ಸಿಗತೈತಿ.”

ಅವರು ಎತ್ತಿಗೆ ಮೇವು ಹಾಕಾಕ ಹೋದ್ರು. ಎತ್ತಿಗೆ ಆಗಲೇ ಮೇವು ಹಾಕಿತ್ತು.

ಎರಡು ದಿನಕ್ಕ ಕೊಟ್ಟಿಗ್ಯಾಗ ಕೂರಿಗಿ ಇರಲಿಲ್ಲ. ನಾಕನೇ ದಿನ ಬಂತು. ಮೂರನೇ ತಾಳಿಗೆ ಹೊಸಾ ಕುಡ ಕೂಡಸಿ, ಬೆಣಿ ಬಿಗಿ ಮಾಡಿ ಆಗಿತ್ತು. ಯಾವ ಬಡಿಗ್ಯಾನ ಹೊಸ್ತಿಲ ತುಳಿಯಂಗಿಲ್ಲ ಅಂದಿದ್ರೋ ಅವನ ಮನಿಗೇ ಮಾವ ತಾವ ಹೋಗಿ ಬಂದಿದ್ರು. ಅಂದ್ರ ಅವರಿಗೆ ತಿಳದಿತ್ತು! ತಪ್ಪು ಎಲ್ಲೈತಿ ಅಂತ ಪಕ್ಕಾ ತಿಳದಿತ್ತು. ಕೂರಿಗಿ ರಿಪೇರಿ ಮಾಡಿಸಿದ್ರು, ಮಾತು ಮಾತ್ರ ಹಂಗ ಬಿಟ್ರು. ನನಗ ಇಷ್ಟು ವರ್ಷ ಆದ ಮ್ಯಾಲೂ ಹೊಟ್ಟಿ ಉರಿಯೂದು ಇದಕ್ಕ. ತಿಳೀದ ಬೈದಿದ್ರ ಮರತು ಬಿಡತಿದ್ದೆ.

ಬೋಳು ಸಾಲು ಹಂಗ ಬಿಡಾಕ ಬರೂದಿಲ್ಲ. ಅಲ್ಲಿ ಕುಸಬಿ ಬಿತ್ತೂದು ಅಂತ ಆತು. ಕಾಕು ತನ್ನ ಮನಿ ಒಂದ ತಾಳಿನ ಸಣ್ಣ ಕೂರಿಗಿ ತಗೊಂಡು ಬಂದಳು, ಸೀರಿ ಕಚ್ಚಿ ಹಾಕಿ ಉಡಿ ಕಟಗೊಂಡಳು. ಆಕಿಗೆ ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳ ಚಟ್ನಿ ಹೊತ್ತುಕೊಂಡು ಹೋಗಿ ಬಡಿಸೂ ಭಾಗ್ಯ ನಂದು. ಉಂಡು ಕೈ ತೊಳಕೊಂಡು ನನ್ನ ಬೆನ್ನು ಸವರಿದ್ಲು.

“ಮನಸಿಗೆ ಹಚ್ಕೋಬ್ಯಾಡ ತಂಗಿ. ಎಲ್ಲಾರ ಕೈಯಾಗೂ ಆಗೂದಲ್ಲ ಇದು.”

ಆಕಿ ಕೆಟ್ಟಾಕಿ ಅಲ್ಲ. ಕೆಟ್ಟಾಕಿ ಆಗಿದ್ರ ಎಷ್ಟು ಹಗುರಾಗತಿತ್ತು! ಆಕಿ ಖರೇನ ಸಮಾಧಾನ ಮಾಡಾಕತ್ತಿದ್ಲು. ನಾ ತಾಟು ಎತ್ತಿಕೊಂಡು ಬದುವಿನ ಆ ಕಡೆ ಹೋಗಿ ಹಲ್ಲು ಕಡಕೊಂಡು ನಿಂತೆ.

ಕುಸಬಿ ಬಿತ್ತಿದ ಮೂರನೇ ದಿನ ಚಿತ್ತಿ ಮಳಿ ಹೊಡೀತು. ಸಣ್ಣಗ, ಸಾವಕಾಶ, ಇಡೀ ದಿನ. ಬಾವಿ ಕಟ್ಟಿಗೆ ನೀರಿಗೆ ಹೋದ್ರ ಹೆಂಗಸರ ಬಾಯಾಗ ಒಂದ ಮಾತು: ಕಾಕು ಕೈ ಇಟ್ಟಳು, ಮಳಿ ಬಂತು ನೋಡ್ರಿ. ಏನ್ ಮಂದಿ ಅಂತೀನಿ! ನಾ ಬಿತ್ತಿದಾಗ ಬಿದ್ದ ಬಿಸಲು ನನ್ನ ಕೈ, ಆಕಿ ಬಿತ್ತಿದಾಗ ಬಿದ್ದ ಮಳಿ ಆಕಿ ಕೈಗುಣ. ಕೊಡಾ ತುಂಬಿಕೊಂಡು ಬರಬರಾ ಬಂದೆ. ಹಿಂದಿಂದ ಒಬ್ಬಾಕಿ ಕೊಡಾ ತುಳುಕಿಸಿ ಅಂದ್ಲು, “ಅಯ್ಯ, ನಂದೂ ಕುಬಿಹಾಳದ ಕೈ ಆತು ನೋಡ್ರವಾ!” ಅವತ್ತಿಂದ ಆ ಮಾತು ಊರಾಗ ಚಾಲ್ತಿ ಬಂತು. ಹಾಲು ಉಕ್ಕಿದ್ರ ಕುಬಿಹಾಳದ ಕೈ, ಉಪ್ಪು ಚೆಲ್ಲಿದ್ರ ಕುಬಿಹಾಳದ ಕೈ.

ಆದ್ರ ಅದ ಮಳಿ ನನಗೂ ಬಂದಿತ್ತು. ಐದು ದಿನ ಬಿಟ್ಟು ಹೊಲಕ್ಕ ಹೋಗಿ ನೋಡತೇನಿ, ಬೋಳು ಸಾಲಿನಾಗ ಕುಸಬಿ ಬಾಜೂಕ ಜ್ವಾಳ! ಒಣಾ ಮಣ್ಣಾಗ ಮಲಗಿದ್ದ ನನ್ನ ಕಾಳಿಗೆ ಹಸಿ ಮುಟ್ಟಿ ಅವೂ ಎದ್ದಿದ್ದವು. ಒಂದು ಸಾಲು ಅಲ್ಲ, ಒಂದು ಮೂಲಿ ಅಲ್ಲ, ಇಡೀ ಹೊಲದ ಎಲ್ಲಾ ಬೋಳು ಸಾಲಿನಾಗ, ಈ ಬದುವಿನಿಂದ ಆ ಬದುವಿನತನಕ. ಕಾಕು ಬಿತ್ತಿದ್ದು ಬರೇ ಕುಸಬಿ. ಹಂಗಾದ್ರ ಈ ಜ್ವಾಳ ಬಿತ್ತಿದಾಕಿ ಯಾರು? ಉಪಾಸ ಬಿದ್ದ ತೂತಿನಿಂದ ಇವು ಹೆಂಗ ಬಂದವು? ನಾ ಹೊಲದಾಗ ನಿಂತು ಒಬ್ಬಾಕೀನ ನಕ್ಕೆ. ಅತ್ತೇನೋ ಏನೋ, ನೆನಪಿಲ್ಲ. ಸಂತಿಗೆ ಇನ್ನ ನಾಕು ದಿನ ಇತ್ತು. ಅವತ್ತು ಇದ ದಾರ್‍ಯಾಗ ಸುತ್ತಿನ ಊರಿನ ಮಂದಿ ಎಲ್ಲಾ ಹೋಗತಾರ. ನಾ ಏನೂ ಹೇಳೂದು ಬ್ಯಾಡ, ಹೊಲಾನ ಹೇಳತೈತಿ.

ಮನಿಗೆ ಬಂದು ಅತ್ತಿಗೆ ಹೇಳಿದೆ. ಕಟ್ಟಿ ಮ್ಯಾಲ ಕುಂತ ಮಾವಗ ಕೇಳಸೂವಷ್ಟು ದೊಡ್ಡ ದನಿಲೆ ಹೇಳಿದೆ. ಮಾವ ಎದ್ದು ಹೊಲಕ್ಕ ಹೋದ್ರು. ತಿರುಗಿ ಬಂದು ಬಾಗಲದಾಗ ನಿಂತು ಅತ್ತಿಗೆ ಅಂದ್ರು:

“ತಡಾ ಹುಟ್ಟಿದ ಜ್ವಾಳ ತೆನಿ ಹಿಡಿಯಂಗಿಲ್ಲ, ಕುಸಬಿಗೆ ಅಡ್ಡ ಆಗತೈತಿ. ನಾಳಿಗೆ ಕಿತ್ತು ಒಗೀರಿ. ಸಂತಿ ದಿನದೊಳಗ ಮುಗೀಬೇಕು.”

ಸಂತಿ ದಿನದೊಳಗ! ಕುಸಬಿಗೆ ಸಂತಿ ಯಾವಾಗಂತ ಗೊತ್ತಿರತೈತೇನ್ರಿ?

ಮರುದಿನ ನಾನು, ಕಾಕು, ಕೂಲಿಗೆ ಬಂದ ಇಬ್ಬರು ಹೆಂಗಸರು ಸಾಲು ಹಿಡದು ಕುಂತ್ವಿ. ನನ್ನ ಕಾಳು, ನನ್ನ ಕೈಲೆ ನಾನ ಕೀಳೂದು. ಕಾಕು ಒಂದು ಸಸಿ ಕಿತ್ತು ಬೇರು ನೋಡಿದ್ಲು. ಬೇರಿಗೆ ಕಾಳಿನ ಸಿಪ್ಪಿ ಹತ್ತಿಕೊಂಡಿತ್ತು, ಒಂದು ಬೆರಳು ಆಳ ಅಷ್ಟ. ಬಿತ್ತೂ ಕೈ ಅದು, ಆಕಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕುಂತಲ್ಲೇ ನನ್ನ ಕಡೆ ಸರದು ಕಿವ್ಯಾಗ ಅಂದ್ಲು:

“ನೀ ಬಿಟ್ಟೀದಿ ತಂಗಿ. ನನಗ ತಿಳೀತು. ನಾ ಯಾರ ಮುಂದೂ ಅನ್ನಂಗಿಲ್ಲ ಬಿಡು.”

ಅನ್ನಂಗಿಲ್ಲಂತ! ಏನೋ ನಾ ಕದ್ದದ್ದು ಮುಚ್ಚಿ ಇಟ್ಟು ಉಪಕಾರ ಮಾಡಿದಂಗ! ಅನ್ನು ಮಾರಾಯ್ತಿ, ಬಾವಿ ಕಟ್ಟಿ ಮ್ಯಾಲ ನಿಂತು ಅನ್ನು, ನಿನ್ನ ಬಾಯಿಂದ ಬಂದ್ರ ಊರೆಲ್ಲಾ ನಂಬತೈತಿ ಅಂತ ಚೀರಬೇಕು ಅನಿಸ್ತು. ಚೀರಲಿಲ್ಲ. ಕಿತ್ತೆ. ಮೂರು ದಿನ ಬೆನ್ನು ಎತ್ತದ ಕಿತ್ತೆ. ಸಂತಿ ಚಕ್ಕಡಿ ಬರೂಹೊತ್ತಿಗೆ ಆ ಸಾಲಿನಾಗ ಬರೇ ಕುಸಬಿ ಇತ್ತು. ಮಂದಿ ಇಳದು ನೋಡಿ ಕಾಕು ಕೈ ಹೊಗಳಿ ಹೋದ್ರು. ಮಾವನ ಮ್ಯಾಲಿನ ಸಿಟ್ಟು ಒಂದು, ಊರ ಮ್ಯಾಲಿಂದು ಒಂದು, ನನ್ನ ಮ್ಯಾಲ ನನಗ ಇರೂ ಸಿಟ್ಟು ಮಾತ್ರ ಬಾಯಿ ಮುಚ್ಚಿಕೊಂಡು ಕಿತ್ತ ಆ ಮೂರು ದಿನಕ್ಕ.

ಸುಗ್ಗಿ ಮುಗದ ಮ್ಯಾಲ ಒಂದು ಮದವಿಗೆ ಅವ್ವ ಭೆಟ್ಟಿ ಆದ್ಲು. ಆಕಿ ಕಿವಿಗೂ ಮಾತು ಹೋಗಿತ್ತು. ಪಂಕ್ತ್ಯಾಗ ನನ್ನ ಬಾಜೂಕ ಕುಂತು ಹೋಳಿಗಿ ಮುರಕೋತ ನನ್ನ ಬಲಗೈ ಒಮ್ಮಿ ನೋಡಿದ್ಲು. ನಾನ ಎಲ್ಲಾ ಹೇಳಿದೆ, ಕುಡ, ಒಣಾ ಮಣ್ಣು, ಚಿತ್ತಿ ಮಳಿ, ಎಲ್ಲಾ. ಆಕಿ ಕೇಳಿಸಿಕೊಂಡು, “ಇರಲಿ ಬಿಡು, ಒಮ್ಮೊಮ್ಮಿ ತಪ್ಪತೈತಿ,” ಅಂದ್ಲು. ನಂಬಲಿಲ್ಲ ಆಕಿ! ನನ್ನವ್ವ! ತಪ್ಪಿದವರು ಹಿಂಗ ಕಥಿ ಕಟ್ಟತಾರ ಅಂತ ತಿಳದಿದ್ಲು. ಅವತ್ತು ನಾ ಪಣಾ ತೊಟ್ಟೆ, ಇದನ್ನ ಹಿಂಗ ಬಿಡಂಗಿಲ್ಲ ಅಂತ.

ಮರುವರ್ಷ ಹಿಂಗಾರಿ ಬಂತು. ಅತ್ತಿ ಕೈ ಇನ್ನೂ ನೆಟ್ಟಗಾಗಿರಲಿಲ್ಲ. ಮಾವ ನನ್ನ ಕೇಳಲಿಲ್ಲ, ಕಾಕುಗ ಹೇಳಿ ಕಳಿಸಿದ್ರು. ನಾ ಒಲಿ ಮ್ಯಾಲಿನ ಹಂಚು ಇಳಿಸಿ, ಬೀಜದ ಚೀಲದಿಂದ ಎರಡು ಸೇರು ಜ್ವಾಳ ಉಡ್ಯಾಗ ಹಾಕ್ಕೊಂಡು ಹೊಲಕ್ಕ ನಡದೆ. ಅತ್ತಿ ಬಾಗಲತನಕ ಬಂದು, “ಬ್ಯಾಡ ಬೇ, ಮಾತು ಕೇಳು,” ಅಂದ್ಲು. ಕೇಳಲಿಲ್ಲ.

ಹೊಲದಾಗ ಮಾವ ಎತ್ತು ಹೂಡಿ ನಿಂತಿದ್ರು, ಕಾಕು ಉಡಿ ಕಟ್ಟಿ ತಯಾರಿದ್ಲು, ನಮ್ಮನಿಯವರು ಕುಂಟಿ ಹಿಡದಿದ್ರು. ಬಾಜೂ ಹೊಲದವರು ಮೂರ್ನಾಕು ಮಂದಿ ಪೂಜಿ ಕಾಯಿ ಒಡಿಯೂದಕ್ಕ ಬಂದಿದ್ರು. ಕೂರಿಗಿ ಇನ್ನೂ ನೆಲಕ್ಕ ಊರಿರಲಿಲ್ಲ, ಮೂರೂ ಕುಡ ಮ್ಯಾಲ ಕಾಣತಿದ್ದವು. ನಾ ಸೆರಗು ತಲಿ ತುಂಬ ಹೊತ್ತುಕೊಂಡು ಮಾವನ ಎದುರು ಹೋಗಿ ನಿಂತೆ. ಐದು ವರ್ಷದಾಗ ಅವರಿಗೆ ನಾ ಆಡಿದ ಮೊದಲನೇ ಮಾತು ಅದು:

“ಮಾವಾರ, ಎರಡು ಕುಡ ಹಳೇವು ಅದಾವ, ಮೂರನೇದು ಒಂದ ಹೊಸಾದು ಯಾಕ್ರಿ? ಅದನ್ನ ಯಾವಾಗ ಹಾಕ್ಸಿದ್ರಿ?”

ಎಲ್ಲಾರೂ ಕುಡ ನೋಡಿದ್ರು. ರೈತರಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಬಾಜೂ ಹೊಲದಾಂವ ಒಬ್ಬ ಬಗ್ಗಿ ಹೊಸಾ ಕುಡಕ್ಕ ಬೆರಳು ಹಚ್ಚಿ ನೋಡಿ, “ಅಲ್ಲಲೇ!” ಅಂದ. ಕಾಕು ನೆಲಾ ನೋಡಿದ್ಲು.

ಮಾವ ಒಂದ ಮಾತು ಅನ್ನಬಹುದಿತ್ತು. ‘ಸವದಿತ್ತು, ಹಾಕ್ಸಿದೆ’ ಅಂದಿದ್ರ ಮುಗೀತಿತ್ತು. ನಾ ತಲಿ ತಗ್ಗಿಸಿ ಬಟ್ಟಲದ ಹಿಂದ ಹೋಗಿ ನಿಂದರತಿದ್ದೆ, ಅವರು ಎತ್ತು ಹೊಡೀತಿದ್ರು. ಅನ್ನಲಿಲ್ಲ. ನನ್ನ ಬಿಟ್ಟು ಎಲ್ಲಾರ ಮಾರಿ ಒಮ್ಮಿ ನೋಡಿದ್ರು. ಹಗ್ಗ ನಮ್ಮನಿಯವರ ಕೈಯಾಗ ಇಟ್ಟು, ಹೆಗಲ ಮ್ಯಾಲಿನ ವಸ್ತ್ರ ಝಾಡಿಸಿಕೊಂಡು ಊರ ಕಡೆ ಹೊಂಟು ಬಿಟ್ರು. ಕಾಕು ತನ್ನ ಉಡಿ ಬಿಚ್ಚಿ ಕಾಳು ಚೀಲಕ್ಕ ಸುರುವಿದ್ಲು.

“ನಡಿ ತಂಗಿ, ನೀನ ಬಿಡು,” ಅಂದ್ಲು.

ಬಿಟ್ಟೆ. ನಮ್ಮನಿಯವರಿಗೆ ಕೂರಿಗಿ ಹಿಡಿಯಾಕ ಎಲ್ಲಿ ಬರಬೇಕು? ಸಾಲು ಹಾವು ಹರದಂಗ ಆದವು. ಆದ್ರ ಎಂಟನೇ ದಿನಕ್ಕ ಒಂದು ಸಾಲು ಬಿಡದ ಎಲ್ಲಾ ಹುಟ್ಟಿದವು. ಕುಬಿಹಾಳದ ಕೈ ಅಂತ ನಗಾಡೂದು ನಿಂತಿತು. ಅದರ ಬದಲಿಗೆ ನೆಂಟರಿಷ್ಟರ ಬಾಯಾಗ ಬ್ಯಾರೆ ಮಾತು ಹುಟ್ಟಿತು: ನಾಕು ಮಂದ್ಯಾಗ ಮಾವನ ಮಾನ ಕಳದಾಕಿ. ಇವತ್ತಿಗೂ ಅಂತಾರ. ಸಂತಿ ದಾರ್‍ಯಾಗ ನನ್ನ ಮಾನ ಕಳದಾಗ ಇವರೆಲ್ಲಾ ಎಲ್ಲಿಗೆ ಹೋಗಿದ್ರು? ಆಗ ಒಬ್ಬರರ ‘ಅಯ್ಯ ಪಾಪ’ ಅಂದದ್ದು ನನಗ ನೆನಪಿಲ್ಲ.

ಮಾವ ಆಮ್ಯಾಲ ಕೂರಿಗಿ ಮುಟ್ಟಲಿಲ್ಲ. ಎಷ್ಟು ಹೇಳಿದ್ರೂ ಮುಟ್ಟಲಿಲ್ಲ. ಪೈರು ಗೇಣುದ್ದ ಆಗಿತ್ತು, ಒಂದು ಸಂತಿ ದಿನ ನಾ ಹೊಲದಾಗ ಇದ್ದೆ. ದೂರ ಹಳ್ಳದ ದಂಡಿಗುಂಟ ಮಾವ ಹೆಗಲಿಗೆ ಚೀಲ ಹಾಕ್ಕೊಂಡು ಒಬ್ಬರ ಹೊಂಟಿದ್ರು. ಕುಂದಗೋಳಕ್ಕ ಅದು ಬಾಳ ಸುತ್ತಿನ ದಾರಿ, ಮುಳ್ಳು, ಕೆಸರು, ಯಾರೂ ಹೋಗೂದಿಲ್ಲ. ಈ ದಾರಿಗೆ ಬಂದ್ರ ಮಗನ ಸೊಟ್ಟ ಸಾಲು ನೋಡಬೇಕು, ನೋಡಿದವರಿಗೆ ಉತ್ತರ ಕೊಡಬೇಕು. ನನಗ ಕನಿಕರ ಬಂತು. ಬಂದದ್ದಕ್ಕ ಇನ್ನಷ್ಟು ಸಿಟ್ಟು ಬಂತು. ಓಡಿ ಹೋಗಿ ಹೇಳೂಣು ಅನಿಸ್ತು: ‘ಮಾವಾರ, ಸವದಿತ್ತು ಅಂತ ಒಂದ ಮಾತು ಅನ್ರಿ, ಊರ ಮುಂದ ಬ್ಯಾಡ, ನನ್ನ ಮುಂದ ಅನ್ರಿ ಸಾಕು. ಮುಂದಿನ ವರ್ಷ ಕೂರಿಗಿ ನೀವ ಹಿಡೀರಿ. ನಿಮ್ಮ ಸಾಲಿನಾಗ ನನ್ನ ಕಾಳು ಬೀಳಲಿ, ಈ ಸೀಮ್ಯಾಗ ಅಂಥಾ ಹೊಲ ಯಾರದಿರತೈತಿ?’ ನಾಕು ಹೆಜ್ಜಿ ಹೋದೆ ಸೈತ. ನಿಂತೆ. ತಪ್ಪು ಅವರದು, ನಾ ಯಾಕ ಮೊದಲ ಆಡ್ಲಿ ಅಂತ ನಿಂತೆ. ಅವರು ಆಡಲಿ, ಆಮ್ಯಾಲ ನಾ ಆಡತೇನಿ ಅಂದಕೊಂಡೆ. ಒಂದ ಮನ್ಯಾಗ, ಒಂದ ಒಲಿ ರೊಟ್ಟಿ ತಿಂದು, ಮುಂದ ಒಂಬತ್ತು ವರ್ಷ ಇದ್ವಿ. ಅವರು ಸಾಯೂತನಕ ಆಡಲಿಲ್ಲ. ನಾನೂ ಆಡಲಿಲ್ಲ.